ನೆಗೆತ ಮತ್ತು ನೆಲ

1

ಆಟಗಾರನೊಬ್ಬನನ್ನು ಕೊಂಡಾಡುವ ಸಿನಿಮಾವನ್ನು ದಲಿತ ವಿಮರ್ಶೆ ಯಾಕೆ ತಲೆಗೆ ಹಚ್ಚಿಕೊಳ್ಳಬೇಕು ಅಂತ ಕೆಲವು ಗೆಳೆಯರು ಕೇಳಬಹುದು. ಕಥೆ, ಕವಿತೆ, ಆತ್ಮಕಥೆಗಳ ಬಗ್ಗೆ ಬರೆಯಬೇಕಾದ್ದೇ ಬೆಟ್ಟದಷ್ಟು ಬಾಕಿ ಇದೆ. ಅದರಲ್ಲೂ ಈ ಸಿನಿಮಾ ನಮ್ಮ ಭಾಷೆಯದಲ್ಲ, ನಮ್ಮ ದೇಶದ್ದಲ್ಲ. ಆಟವೂ ನಮ್ಮ ಕೇರಿಗಳ ಹುಡುಗರು ಬಯಲಿಗೆ ಬಿದ್ದು ಆಡುವ ಆಟವಲ್ಲ. ನಾನು ಹೇಳುತ್ತಿರುವುದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಾರೆ ಮೈಕೆಲ್ ಜೋರ್ಡನ್ ಮೇಲೆ 2000ದಲ್ಲಿ ಬಂದ ‘ಮೈಕೆಲ್ ಜೋರ್ಡನ್ ಟು ದಿ ಮ್ಯಾಕ್ಸ್’ ಎಂಬ ಸಾಕ್ಷ್ಯಚಿತ್ರದ ಬಗ್ಗೆ. ದೂರದ ವಸ್ತು, ನಿಜ. ಆದರೆ ಈ ಚಿತ್ರ ಬಾಯಿಬಿಟ್ಟು ಹೇಳದೆಯೂ ನೋಡುವವರ ಮನಸ್ಸಿಗೆ ಇಳಿಸುವ ಮಾತು ನಮಗೆ ಬಹಳ ಹತ್ತಿರದ್ದು: ‘ಪ್ರತಿಭೆ ಇದ್ದರೆ ಯಾರೂ ತಡೆಯಲಾರರು.’ ಮಂಡಲ್ ವರದಿ ಜಾರಿಯ ಸುದ್ದಿಗೆ ನಗರಗಳು ಹೊತ್ತಿಕೊಂಡ 1990ರಿಂದ ಇವತ್ತಿನ ಸೀಟು ಹಂಚಿಕೆಯ ಜಗಳದವರೆಗೆ, ಈ ಮಾತಿನ ಬೆನ್ನ ಹಿಂದೆ ಇನ್ನೊಂದು ಮಾತು ಸದಾ ನಿಂತಿರುತ್ತದೆ. ಹಾಗಾದರೆ ನಿಮಗೆ ಮೀಸಲಾತಿ ಯಾಕೆ? ಆದ್ದರಿಂದ ಈ ಚಿತ್ರ ನಮಗೆ ಸಂಬಂಧಪಟ್ಟದ್ದು.

ಮೊದಲು ಚಿತ್ರ ಎಂಥದ್ದು ಅಂತ ನೋಡೋಣ. ಡಾನ್ ಕೆಂಪ್ ಮತ್ತು ಜೇಮ್ಸ್ ಸ್ಟರ್ನ್ ನಿರ್ದೇಶಿಸಿದ ಇದು ಮುಕ್ಕಾಲು ಗಂಟೆಯ ಚಿತ್ರ. ನಟ ಲಾರೆನ್ಸ್ ಫಿಶ್‌ಬರ್ನ್ ನಿರೂಪಕ. ಇದನ್ನು ಮಾಡಿದ್ದೇ ಐಮ್ಯಾಕ್ಸ್ ಎಂಬ ಭಾರಿ ಪರದೆಗೆ. 1970ರಲ್ಲಿ ಜಪಾನಿನ ಒಸಾಕಾ ವಸ್ತುಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ತಂತ್ರದಲ್ಲಿ 70 ಎಂಎಂ ಫಿಲ್ಮು ಮೇಲಿಂದ ಕೆಳಕ್ಕೆ ಓಡುವ ಬದಲು ಅಡ್ಡಡ್ಡ ಓಡುತ್ತದೆ. ಒಂದೊಂದು ಚೌಕಟ್ಟಿಗೂ 15 ತೂತಿನಷ್ಟು ಉದ್ದದ ಫಿಲ್ಮು ಬೇಕು. ಹಾಗಾಗಿ ಪರದೆಯನ್ನು ಮಹಡಿಗಟ್ಟಲೆ ಎತ್ತರಕ್ಕೆ ಹಿಗ್ಗಿಸಿದರೂ ಮುಖದ ಬೆವರು ಹನಿಹನಿಯಾಗಿ ಕಾಣುತ್ತದೆ. ಕಥೆಯ ಬೆನ್ನುಮೂಳೆ 1998ರ ಪ್ಲೇಆಫ್ ಪಂದ್ಯಗಳು. ಆ ವರ್ಷದ ಜೂನ್ 14ರಂದು ಯೂಟಾ ಜಾಝ್ ತಂಡದ ಮೇಲೆ, ಆಟ ಮುಗಿಯಲು ಐದು ಸೆಕೆಂಡು ಮಿಕ್ಕಿದೆ ಅನ್ನುವಾಗ ಜೋರ್ಡನ್ ಚೆಂಡನ್ನು ಬುಟ್ಟಿಗೆ ಹಾಕಿದ. ಶಿಕಾಗೊ ಬುಲ್ಸ್ 87-86ರಲ್ಲಿ ಗೆದ್ದು ಆರನೇ ಸಲ ಚಾಂಪಿಯನ್ ಆಯಿತು. ಇದರ ನಡುನಡುವೆ ತಾಯಿಯ ಮಾತು, ಕೋಚುಗಳ ಮಾತು, 1993ರಲ್ಲಿ ಕೊಲೆಯಾದ ತಂದೆಯ ನೆನಪು. ಸುತ್ತ ವರ್ತುಲವಾಗಿ ಸಾಲು ಕ್ಯಾಮೆರಾಗಳನ್ನಿಟ್ಟು ತೆಗೆದ ದೃಶ್ಯವೊಂದಿದೆ. ಅದರಲ್ಲಿ ಜೋರ್ಡನ್ ನೆಗೆದವನು ಗಾಳಿಯಲ್ಲಿ ನಿಂತೇ ಇರುತ್ತಾನೆ, ಲೋಕ ಅವನ ಸುತ್ತ ತಿರುಗುತ್ತದೆ. ಇಡೀ ಚಿತ್ರದ ತಾತ್ವಿಕತೆ ಈ ಒಂದು ದೃಶ್ಯದಲ್ಲಿದೆ. ಎಲ್ಲಿಂದ ನೆಗೆದ ಅನ್ನೋದೂ ಇಲ್ಲ, ಎಲ್ಲಿಗೆ ಇಳಿದ ಅನ್ನೋದೂ ಇಲ್ಲ. ಬರೀ ನೆಗೆತ.

2

ನಾವು ಇದನ್ನು ನೋಡಿದ್ದು ಐಮ್ಯಾಕ್ಸಿನಲ್ಲಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ಕಡೆಯ ಒಂದಷ್ಟು ವಿದ್ಯಾರ್ಥಿಗಳು ಸೇರಿ ಹಾಸ್ಟೆಲ್ಲೊಂದರ ಸುಣ್ಣದ ಗೋಡೆಯ ಮೇಲೆ, ಬಾಡಿಗೆಗೆ ತಂದ ಪ್ರೊಜೆಕ್ಟರಿನಲ್ಲಿ ನೋಡಿದೆವು. ಮಹಡಿಗಟ್ಟಲೆ ಎತ್ತರ ಇರಬೇಕಾದವನು ಸುಮಾರು ನಮ್ಮಷ್ಟೇ ಎತ್ತರಕ್ಕೆ ಇಳಿದಿದ್ದ. ಆದರೂ ಹುಡುಗರು ಉಸಿರು ಬಿಗಿಹಿಡಿದು ಕೂತಿದ್ದರು. ಮಾಗಡಿ ಕಡೆಯ ಹುಡುಗನೊಬ್ಬ ನನ್ನ ಕಿವಿಯ ಹತ್ತಿರ ಬಂದು, ‘ಅಣ್ಣ, ನಮ್ಮಂಗೇ ಕರ್ರಗವ್ನೆ. ಆದ್ರೂ ಎಲ್ರೂ ಕತ್ತೆತ್ತಿ ನೋಡ್ತಾವ್ರೆ’ ಅಂದ.

ಈ ಮಾತನ್ನು ನಾವು ಹಗುರವಾಗಿ ತಳ್ಳಿಹಾಕಬಾರದು. ನಮ್ಮ ಎಡಪಂಥೀಯ ಗೆಳೆಯರು ಇಂಥ ಚಿತ್ರಗಳನ್ನು ‘ಬಂಡವಾಳಶಾಹಿಯ ಮಾರುಕಟ್ಟೆ ತಂತ್ರ’ ಎಂದು ಒಂದೇ ಮಾತಲ್ಲಿ ಮುಗಿಸಿಬಿಡುತ್ತಾರೆ. ಅದು ಸುಳ್ಳಲ್ಲ, ಆದರೆ ಅಷ್ಟೇ ಅಲ್ಲ. ಎದುರಿಗೆ ಬಂದರೆ ಪಕ್ಕಕ್ಕೆ ಸರಿಯಬೇಕಾದ, ಕೂತಿದ್ದರೆ ಎದ್ದು ನಿಲ್ಲಬೇಕಾದ, ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಿದರೆ ‘ಏನ್ಲಾ ಕೊಬ್ಬು’ ಅನ್ನಿಸಿಕೊಳ್ಳಬೇಕಾದ ಮೈಗಳ ಚರಿತ್ರೆ ನಮ್ಮದು. ಮೈಯೇ ಮೈಲಿಗೆ ಅನ್ನಿಸಿಕೊಂಡವರಿಗೆ, ಕಪ್ಪು ಮೈಯೊಂದು ಅಷ್ಟು ದೊಡ್ಡದಾಗಿ ನಿಂತು ಲೋಕದವರೆಲ್ಲ ತಲೆಯೆತ್ತಿ ನೋಡುವುದು ಸಣ್ಣ ಸಂಗತಿ ಅಲ್ಲ. ಆ ಹುಡುಗನ ಖುಷಿ ನಿಜವಾದದ್ದು. ಆ ಖುಷಿಗೆ ನಾಚಿಕೆ ಹುಟ್ಟಿಸುವ ವಿಮರ್ಶೆ ನಮ್ಮದಾಗಬಾರದು.

ತೊಂದರೆ ಶುರುವಾದದ್ದು ಚಿತ್ರ ಮುಗಿದ ಮೇಲೆ. ಅತಿಥಿಯಾಗಿ ಬಂದಿದ್ದ ಮೇಷ್ಟರೊಬ್ಬರು ಎದ್ದು ನಿಂತು, ‘ನೋಡ್ರಪ್ಪಾ, ಇವನಿಗೇನು ರಿಸರ್ವೇಷನ್ ಇತ್ತಾ? ಸ್ವಂತ ಶಕ್ತಿ ಮೇಲೆ ಬಂದ. ನೀವೂ ಹಂಗೇ ಬರಬೇಕು’ ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಮಕ್ಕಳಿಗೆ ಹುರುಪು ತುಂಬಲು ಹೇಳಿದ್ದು. ಹುಡುಗರು ಸುಮ್ಮನಾದರು. ಐದು ನಿಮಿಷದ ಹಿಂದೆ ಗೋಡೆಯ ಮೇಲೆ ನಮ್ಮವನಾಗಿದ್ದವನು ಈಗ ನಮ್ಮ ಮೇಲೇ ಎತ್ತಿದ ಬೆತ್ತವಾಗಿದ್ದ. ಒಂದೇ ಚಿತ್ರ ಎರಡಕ್ಕೂ ಒದಗಿತಲ್ಲ, ಇದು ಹೇಗೆ? ನನ್ನ ಉತ್ತರ ಇಷ್ಟೆ: ದೊಡ್ಡ ಪರದೆ ನೆಗೆತವನ್ನು ತೋರಿಸಿ ನೆಲವನ್ನು ಕತ್ತರಿಸಿ ಹಾಕಿತ್ತು. ನೆಲ ಇಲ್ಲದ ನೆಗೆತವನ್ನು ಯಾರು ಬೇಕಾದರೂ ಎತ್ತಿಕೊಂಡು ಹೋಗಿ ಯಾರ ಮೇಲೆ ಬೇಕಾದರೂ ಬೀಸಬಹುದು.

3

ಹಾಗಾದರೆ ಆ ನೆಲ ಯಾವುದು? ಜೋರ್ಡನ್ ಹುಟ್ಟಿದ್ದು 1963ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ, ಬೆಳೆದದ್ದು ಉತ್ತರ ಕೆರೊಲಿನಾದ ವಿಲ್ಮಿಂಗ್ಟನ್ನಿನಲ್ಲಿ. ಇದೇ ವಿಲ್ಮಿಂಗ್ಟನ್ನಿನಲ್ಲಿ 1898ರ ನವೆಂಬರಿನಲ್ಲಿ ಶಸ್ತ್ರ ಹಿಡಿದ ಬಿಳಿಯರ ಗುಂಪು ಕಪ್ಪುಜನರ ಪತ್ರಿಕಾ ಕಚೇರಿಗೆ ಬೆಂಕಿ ಇಟ್ಟು, ಬೀದಿಯಲ್ಲಿ ಹೆಣ ಉರುಳಿಸಿ, ಕಪ್ಪುಜನರೂ ಬಿಳಿಯರೂ ಕೂಡಿ ನಡೆಸುತ್ತಿದ್ದ ಚುನಾಯಿತ ನಗರಾಡಳಿತವನ್ನು ಬಲವಂತವಾಗಿ ಕಿತ್ತೊಗೆಯಿತು. ಆ ಸೀಮೆಯಲ್ಲಿ ಜೋರ್ಡನ್ನನ ಮುತ್ತಜ್ಜ ಡಾಸನ್ ಜೋರ್ಡನ್ ಬೇರೆಯವರ ಹೊಲವನ್ನು ಪಾಲಿಗೆ ಉಳುತ್ತಿದ್ದವನು. 1977ರಲ್ಲಿ ಶಾಲೆಯ ಹುಡುಗಿಯೊಬ್ಬಳು ಬಣ್ಣ ಹಿಡಿದು ಬೈದಾಗ ಜೋರ್ಡನ್ ಅವಳ ಮೇಲೆ ಸೋಡಾ ಎಸೆದು ಶಾಲೆಯಿಂದ ಅಮಾನತಾದ. ಆ ಕಾಲದಲ್ಲಿ ಬಿಳಿಯರೆಲ್ಲರ ಮೇಲೂ ತನಗೆ ಸಿಟ್ಟಿತ್ತು ಎಂದು ಅವನೇ ಮುಂದೆ ಹೇಳಿಕೊಂಡಿದ್ದಾನೆ. ಈ ಹುಡುಗ ನಮಗೆ ಗೊತ್ತು. ನಮ್ಮ ಹಾಸ್ಟೆಲ್ಲುಗಳಲ್ಲಿ ಇವನಂಥವರು ಎಷ್ಟು ಜನ ಇಲ್ಲ!

ಇನ್ನು ಮೇಷ್ಟರು ಕೇಳಿದ ಪ್ರಶ್ನೆ. ಇವನಿಗೆ ರಿಸರ್ವೇಷನ್ ಇತ್ತಾ? ಆ ಹೆಸರಿನಲ್ಲಿ ಇರಲಿಲ್ಲ. ಆದರೆ ಬಾಗಿಲು ತಾನಾಗಿ ತೆರೆಯಲಿಲ್ಲ. ಜೋರ್ಡನ್ 1981ರಲ್ಲಿ ಸೇರಿದ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯ ಸರ್ಕಾರಿ ವಿಶ್ವವಿದ್ಯಾಲಯ. ಅದರ ಪದವಿ ತರಗತಿಗೆ ಕಪ್ಪು ಹುಡುಗರು ಮೊದಲು ಕಾಲಿಟ್ಟದ್ದು 1955ರಲ್ಲಿ, ಅದೂ ಕೋರ್ಟಿನ ಆದೇಶ ಹಿಡಿದು. ಅಲ್ಲಿನ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ವಿದ್ಯಾರ್ಥಿವೇತನದ ಮೇಲೆ ಬಂದ ಮೊದಲ ಕಪ್ಪು ಆಟಗಾರ ಚಾರ್ಲಿ ಸ್ಕಾಟ್. ಆತ ಬಂದದ್ದು ಅರವತ್ತರ ದಶಕದ ಕೊನೆಗೆ. ವೃತ್ತಿಪರ ಲೀಗ್ ಆದ ಎನ್‌ಬಿಎಯಲ್ಲಿ ಕಪ್ಪು ಆಟಗಾರರಿಗೆ ಜಾಗ ಸಿಕ್ಕಿದ್ದೇ 1950ರಲ್ಲಿ. ಅಂದರೆ ಜೋರ್ಡನ್ ಇಪ್ಪತ್ತು ವರ್ಷ ಮೊದಲು ಹುಟ್ಟಿದ್ದರೆ ಅವನ ನಾಡಿನ ಆ ಕಾಲೇಜು ಅವನನ್ನು ಆಡಿಸುತ್ತಿರಲಿಲ್ಲ. ನಲವತ್ತು ವರ್ಷ ಮೊದಲಾಗಿದ್ದರೆ ಎಷ್ಟೇ ಎತ್ತರ ನೆಗೆದರೂ 1950ರವರೆಗೆ ಆ ಲೀಗು ಕರೆಯುತ್ತಿರಲಿಲ್ಲ. ಪ್ರತಿಭೆ ಮೂರೂ ಕಾಲಕ್ಕೆ ಅದೇ. ನಡುವೆ ಬದಲಾದದ್ದು ನೆಲ. ನೆಲವನ್ನು ಬದಲಾಯಿಸಿದವರು ಕೋರ್ಟಿಗೆ ಹೋದವರು, ಬಸ್ಸು ಬಹಿಷ್ಕರಿಸಿದವರು, ಹೋಟೆಲಿನ ಕುರ್ಚಿಯಲ್ಲಿ ಕೂತು ಏಟು ತಿಂದವರು.

ಇನ್ನೊಂದು ಸಂಗತಿ ಇದೆ. ಅದನ್ನು ಹೇಳದೆ ಮುಂದೆ ಹೋದರೆ ನಾನೂ ಕೊಂಡಾಟದ ಚಿತ್ರವನ್ನೇ ತೆಗೆದಂತಾಗುತ್ತದೆ. 1990ರಲ್ಲಿ ಉತ್ತರ ಕೆರೊಲಿನಾದ ಸೆನೆಟ್ ಸ್ಥಾನಕ್ಕೆ ಹಾರ್ವೆ ಗ್ಯಾಂಟ್ ಎಂಬ ಕಪ್ಪು ನಾಯಕ ನಿಂತ. ಜೋರ್ಡನ್ ಹುಟ್ಟಿದ 1963ರಲ್ಲೇ, ಕೋರ್ಟಿನ ಆದೇಶದ ಬಲದಿಂದ ದಕ್ಷಿಣ ಕೆರೊಲಿನಾದ ಕ್ಲೆಮ್ಸನ್ ಕಾಲೇಜಿಗೆ ಸೇರಿದ ಮೊದಲ ಕಪ್ಪು ವಿದ್ಯಾರ್ಥಿ ಈತ. ಎದುರಾಳಿ ಜೆಸ್ಸಿ ಹೆಲ್ಮ್ಸ್, ನಾಗರಿಕ ಹಕ್ಕುಗಳ ಹಳೆಯ ವೈರಿ. ಚುನಾವಣೆಯ ಕೊನೆಯ ದಿನಗಳಲ್ಲಿ ಹೆಲ್ಮ್ಸ್ ಕಡೆಯವರು ಟಿವಿಯಲ್ಲಿ ಒಂದು ಜಾಹೀರಾತು ಬಿಟ್ಟರು. ಬಿಳಿಯನೊಬ್ಬನ ಎರಡು ಕೈಗಳು ಕೆಲಸ ಸಿಗಲಿಲ್ಲ ಎಂಬ ಪತ್ರವನ್ನು ಮುದುಡಿ ಹಾಕುತ್ತವೆ. ನೀನೇ ಹೆಚ್ಚು ಅರ್ಹನಾಗಿದ್ದೆ, ಆದರೆ ಕೋಟಾದಿಂದಾಗಿ ಕೆಲಸ ಬೇರೆಯವನ ಪಾಲಾಯಿತು ಎಂಬರ್ಥದ ಮಾತು ಹಿನ್ನೆಲೆಯಲ್ಲಿ ಬರುತ್ತದೆ. ವರ್ಷ ಗಮನಿಸಿ, 1990. ದಿಲ್ಲಿಯಲ್ಲಿ ಮಂಡಲ್ ವಿರುದ್ಧ ‘ಮೆರಿಟ್’ ಹೆಸರಿನಲ್ಲಿ ಮೆರವಣಿಗೆ ಹೊರಟ ವರ್ಷವೂ ಅದೇ. ಎರಡು ಖಂಡಗಳಲ್ಲಿ ಒಂದೇ ಮಾತು.

ಗ್ಯಾಂಟ್ ಪರವಾಗಿ ಒಂದು ಮಾತಾಡು ಅಂತ ತಾಯಿಯೇ ಕೇಳಿದರೂ ಜೋರ್ಡನ್ ಬಹಿರಂಗವಾಗಿ ಮಾತಾಡಲಿಲ್ಲ. ದುಡ್ಡು ಕಳಿಸಿ ಸುಮ್ಮನಾದ. ರಿಪಬ್ಲಿಕನ್ನರೂ ಶೂ ಕೊಳ್ಳುತ್ತಾರೆ ಎಂಬ ಅವನ ಮಾತು ಲೋಕಪ್ರಸಿದ್ಧ. ಅದು ಗೆಳೆಯರ ನಡುವೆ ತಮಾಷೆಗೆ ಆಡಿದ್ದು ಎಂದು 2020ರಲ್ಲಿ ಬಂದ ‘ದಿ ಲಾಸ್ಟ್ ಡ್ಯಾನ್ಸ್’ ಸರಣಿಯಲ್ಲಿ ಅವನೇ ಹೇಳಿದ. ಗ್ಯಾಂಟ್ ಸೋತ. ಅದೇ 2020ರಲ್ಲಿ, ಜಾರ್ಜ್ ಫ್ಲಾಯ್ಡ್ ಕೊಲೆಯ ನಂತರ, ಜನಾಂಗೀಯ ಸಮಾನತೆಯ ಕೆಲಸಗಳಿಗೆ ಹತ್ತು ವರ್ಷಗಳಲ್ಲಿ ಹತ್ತು ಕೋಟಿ ಡಾಲರ್ ಕೊಡುವುದಾಗಿ ಜೋರ್ಡನ್ ಮತ್ತು ಅವನ ಹೆಸರಿನ ಶೂ ಕಂಪನಿ ಘೋಷಿಸಿದ್ದನ್ನೂ ಇಲ್ಲಿ ಹೇಳಬೇಕು. ನಾನು ಅವನ ಮೇಲೆ ತೀರ್ಪು ಕೊಡಲು ಕೂತಿಲ್ಲ. ಅವನ ಮೌನಕ್ಕೂ ಅವನ ಎತ್ತರಕ್ಕೂ ಇರುವ ನಂಟನ್ನು ನೋಡಬೇಕು ಅನ್ನುತ್ತಿದ್ದೇನೆ. ನೆಲದ ಬಗ್ಗೆ ಮಾತಾಡದೆ ಇರುವುದೇ ಅಷ್ಟು ದೊಡ್ಡ ಪರದೆಗೆ ತೆರಬೇಕಾದ ಟಿಕೆಟ್ಟು.

4

ದೊಡ್ಡ ಪರದೆ ನಮ್ಮ ಸೀಮೆಗೆ ಹೊಸದಲ್ಲ. ಈಗ ಸರ್ಕಾರಿ ದಾಖಲೆಯಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾದ ರಾಮನಗರ ಜಿಲ್ಲೆಯ ಬಂಡೆಗಳ ನಡುವೆಯೇ ‘ಶೋಲೆ’ ತೆಗೆದದ್ದು. 35 ಎಂಎಂನಲ್ಲಿ ಚಿತ್ರಿಸಿ 70 ಎಂಎಂಗೆ ಹಿಗ್ಗಿಸಿದ ಆ ಚಿತ್ರ 1975ರ ಆಗಸ್ಟ್ 15ರಂದು ತೆರೆಕಂಡಿತು. ಬ್ರಿಟನ್ನಿನ ಡೇವಿಡ್ ಲೀನ್ ‘ಎ ಪ್ಯಾಸೇಜ್ ಟು ಇಂಡಿಯಾ’ಕ್ಕಾಗಿ ಬಂದು ಮಾಗಡಿಯ ಸಾವನದುರ್ಗವನ್ನು ಬಿಹಾರದ ಗುಹೆಗಳ ಬೆಟ್ಟ ಮಾಡಿದ, ಆ ಚಿತ್ರ 1984ರದು. ನಮ್ಮ ಬಂಡೆಗಳು ಲೋಕದ ಎಲ್ಲ ಪರದೆಗಳ ಮೇಲೂ ಹಾಯ್ದವು. ಬಂಡೆಯ ಬುಡದಲ್ಲಿ ಇದ್ದವರು ಮಾತ್ರ ಎಲ್ಲಿಗೂ ಹೋಗಲಿಲ್ಲ. ಶೋಲೆಯ ರಾಮಗಢವನ್ನೇ ನೋಡಿ: ಠಾಕೂರನ ಮನೆ ಇದೆ, ಗುಡಿ ಇದೆ, ಮಸೀದಿ ಇದೆ, ಕೇರಿ ಎಂದು ಕರೆಯುವಂಥದ್ದು ಎಲ್ಲೂ ಇಲ್ಲ. ಭಾರತದ ಸಿನಿಮಾದಲ್ಲೇ ಅತಿ ಪ್ರಸಿದ್ಧವಾದ ಹಳ್ಳಿ ಕೇರಿಯಿಲ್ಲದ ಹಳ್ಳಿ!

ಅದೇ 1975ರಲ್ಲಿ ಬಿ. ವಿ. ಕಾರಂತರು ‘ಚೋಮನ ದುಡಿ’ ತೆಗೆದರು. ಕಪ್ಪು ಬಿಳುಪಿನ ಚಿತ್ರ. ರಾಷ್ಟ್ರಪತಿಗಳ ಸ್ವರ್ಣಕಮಲ ಪಡೆದರೂ ಜನ ಮುಗಿಬಿದ್ದು ನೋಡಿದ್ದು ಶೋಲೆಯನ್ನೇ. ಅದೇ ವರ್ಷ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಅಚ್ಚಾಯಿತು. ಮುಂದೆ ಅವರು ‘ಊರುಕೇರಿ’ಯ ಮೊದಲಿಗೇ ಒಂದು ನೋಟವನ್ನು ಇಟ್ಟರು: ಎತ್ತುಗಳ ಜಾಗದಲ್ಲಿ ಇಬ್ಬರು ಮನುಷ್ಯರು ನೊಗ ಹೊತ್ತಿದ್ದಾರೆ, ಮತ್ತೊಬ್ಬ ಹಿಂದಿನಿಂದ ಉಳುತ್ತಿದ್ದಾನೆ; ನೊಗ ಹೊತ್ತವರಲ್ಲಿ ಒಬ್ಬರು ಅವರ ತಂದೆ. ರಾಮನಗರದ ಬಂಡೆಗಳಿಂದ ಬಹಳ ದೂರವೇನಿಲ್ಲ ಆ ಹೊಲ. 70 ಎಂಎಂ ಕ್ಯಾಮೆರಾ ಇತ್ತ ತಿರುಗದೇ ಇದ್ದದ್ದು ಜಾಗ ಸಾಲದೆ ಅಲ್ಲ.

ಪರದೆ ಸಣ್ಣದಾದ ಮಾತ್ರಕ್ಕೆ ಸತ್ಯ ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ಜೋರ್ಡನ್ ಆಡಿದ ಅದೇ ಶಿಕಾಗೊದಲ್ಲಿ, ಅವನ ವೈಭವದ ದಿನಗಳಲ್ಲೇ, ಸ್ಟೀವ್ ಜೇಮ್ಸ್ ಮತ್ತು ಗೆಳೆಯರು ‘ಹೂಪ್ ಡ್ರೀಮ್ಸ್’ ಎಂಬ ಸಾಕ್ಷ್ಯಚಿತ್ರ ಮಾಡಿದರು. ವಿಡಿಯೋ ಕ್ಯಾಮೆರಾ ಹಿಡಿದು ವಿಲಿಯಂ ಗೇಟ್ಸ್, ಆರ್ಥರ್ ಅಗೀ ಎಂಬ ಇಬ್ಬರು ಕಪ್ಪು ಹುಡುಗರ ಬೆನ್ನಿಗೆ ವರ್ಷಗಟ್ಟಲೆ ನಡೆದರು. ಅರ್ಧ ಗಂಟೆಯ ಚಿತ್ರ ಅಂತ ಶುರುವಾದದ್ದು 1994ರಲ್ಲಿ ಹೊರಬರುವ ಹೊತ್ತಿಗೆ ಮೂರು ಗಂಟೆಯ ಹತ್ತಿರ ಬೆಳೆದಿತ್ತು. ಅಲ್ಲಿ ಹುಡುಗರು ನೆಗೆಯುತ್ತಾರೆ. ಜೊತೆಗೆ ಶಾಲೆಯ ಫೀಜು ಕಟ್ಟಲಾಗದೆ ಆರ್ಥರ್ ಹೊರಬೀಳುತ್ತಾನೆ, ಅವನ ಮನೆಯ ಕರೆಂಟು ಕಡಿಯುತ್ತಾರೆ, ವಿಲಿಯಂನ ಮೊಣಕಾಲು ಕೈಕೊಡುತ್ತದೆ. ಅದೇ ಆಟ, ಅದೇ ಊರು, ಅದೇ ಜನ. ವ್ಯತ್ಯಾಸ ಎಲ್ಲಿದೆ ಅಂದರೆ, ಇಲ್ಲಿ ಕ್ಯಾಮೆರಾ ಚೆಂಡು ಬಿದ್ದ ಮೇಲೂ ನಿಂತು ನೋಡುತ್ತದೆ. ಈ ಚಿತ್ರವನ್ನು ತೋರಿಸಿದ ಮೇಲೆ ಯಾವ ಮೇಷ್ಟರೂ ಎದ್ದು ನಿಂತು ‘ಸ್ವಂತ ಶಕ್ತಿ’ ಅನ್ನುವುದು ಕಷ್ಟ.

5

ನೆಲ ಅಂದಾಗಲೆಲ್ಲ ನನಗೆ ನೆನಪಾಗುವುದು ನಮ್ಮ ಧಾರವಾಡದಲ್ಲಿ ಹುಟ್ಟಿದ ಪಲ್ವಾಂಕರ್ ಬಾಲೂ. 1870ರ ದಶಕದಲ್ಲಿ ಚಮ್ಮಾರ ಕುಟುಂಬದಲ್ಲಿ ಹುಟ್ಟಿದ ಬಾಲೂ ಬದುಕು ಶುರುಮಾಡಿದ್ದೇ ನೆಲ ಸಮ ಮಾಡುವ ಕೆಲಸದಿಂದ. ಪುಣೆಯಲ್ಲಿ ಯುರೋಪಿಯನ್ನರ ಕ್ಲಬ್ಬಿನಲ್ಲಿ ತಿಂಗಳಿಗೆ ನಾಲ್ಕು ರೂಪಾಯಿ ಸಂಬಳಕ್ಕೆ ಪಿಚ್ಚು ಉರುಳಿಸುವುದು, ಬಲೆ ಕಟ್ಟುವುದು, ಸಾಹೇಬರಿಗೆ ಅಭ್ಯಾಸಕ್ಕೆ ಚೆಂಡೆಸೆಯುವುದು. ಹೀಗೆ ನೂರಾರು ಗಂಟೆ ಎಸೆದರೂ ಕೈಗೆ ಬ್ಯಾಟು ಕೊಡಲಿಲ್ಲ. ಆ ಎಸೆತದಿಂದಲೇ ದೇಶದ ಮೊದಲ ದೊಡ್ಡ ಬೌಲರ್ ಆದರು. ಹಿಂದೂ ತಂಡದವರಿಗೆ ಅವರ ಎಡಗೈ ಬೇಕಿತ್ತು, ಅವರ ಲೋಟ ಬೇಕಿರಲಿಲ್ಲ: ಮೈದಾನದಲ್ಲಿ ಅದೇ ಚೆಂಡು ಮುಟ್ಟುತ್ತಿದ್ದವರು, ಚಹಾದ ಹೊತ್ತಿಗೆ ಬಾಲೂಗೆ ಹೊರಗಡೆ ಮಣ್ಣಿನ ಕುಡಿಕೆಯಲ್ಲಿ ಹೊಯ್ಯುತ್ತಿದ್ದರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಅವರು ತೆಗೆದದ್ದು 114 ವಿಕೆಟ್. ನಾಯಕತ್ವ ಮಾತ್ರ ಅವರಿಗೆ ಬರಲಿಲ್ಲ. 1923ರಲ್ಲಿ ತಮ್ಮ ವಿಠಲರ ಪಾಲಿಗೆ ಬಂತು.

ಈ ಬಾಲೂ ನಮ್ಮ ದೊಡ್ಡ ಪರದೆಗೆ ಬರಲಿಲ್ಲ. ಬಂದದ್ದು 2001ರ ‘ಲಗಾನ್’ನ ಕಚ್ರಾ. ಹೆಸರೇ ಕಸ. ಅವನ ಚೆಂಡು ತಿರುಗುವುದು ಕೈ ಸೊಟ್ಟಗಿರುವುದರಿಂದ. ಅವನನ್ನು ತಂಡಕ್ಕೆ ಸೇರಿಸುವುದು ನಾಯಕನ ಔದಾರ್ಯ. ಐಮ್ಯಾಕ್ಸಿನಲ್ಲಿ ಜೋರ್ಡನ್ನನ ಪ್ರತಿಭೆ ದೇವರ ವರ, ಲಗಾನ್‌ನಲ್ಲಿ ಕಚ್ರಾನ ಪ್ರತಿಭೆ ದೇಹದ ಊನ. ಒಂದನ್ನು ಏರಿಸಿ, ಇನ್ನೊಂದನ್ನು ಇಳಿಸಿ ಹೇಳಿದ್ದಾರೆ, ಅಷ್ಟೆ. ಎರಡರಲ್ಲೂ ಬಿಟ್ಟುಹೋದದ್ದು ಒಂದೇ: ದುಡಿಮೆ. ನಾಲ್ಕು ರೂಪಾಯಿಗೆ ನೂರಾರು ಗಂಟೆ ಎಸೆದ ದುಡಿಮೆ.

ಹಾಗಂತ ಕೊಂಡಾಡುವುದೇ ತಪ್ಪು ಎಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. ಇಂಗ್ಲೆಂಡಿನಿಂದ ಹಿಂದಿರುಗಿದ ಬಾಲೂಗೆ ಮುಂಬಯಿಯ ಅಸ್ಪೃಶ್ಯ ಸಮುದಾಯದವರು ಸನ್ಮಾನ ಮಾಡಿದಾಗ ಮಾನಪತ್ರ ಬರೆದದ್ದು ಯುವಕ ಅಂಬೇಡ್ಕರ್. ಅದೂ ಕೊಂಡಾಟವೇ. ಆದರೆ ಅದು ನೆಲದಲ್ಲಿ ನಿಂತವರು ನೆಗೆದವನನ್ನು ತಮ್ಮವನು ಎಂದು ಕರೆದ ಕೊಂಡಾಟ. ಕತ್ತೆತ್ತಿ ನೋಡಿ ಹಿಗ್ಗಿದ ನಮ್ಮ ಮಾಗಡಿ ಹುಡುಗ ಈ ಸಾಲಿಗೆ ಸೇರಿದವನು. ಮೇಷ್ಟರದು ಬೇರೆ ಸಾಲು.

ಮುಂದೆ ಏನಾಯಿತು ಅನ್ನೋದನ್ನೂ ಮರೆಯಬಾರದು. 1932ರ ಪುಣೆ ಒಪ್ಪಂದದ ಹೊತ್ತಿಗೆ ಬಾಲೂ ಗಾಂಧೀಜಿಯ ಕಡೆ ನಿಂತರು. 1937ರ ಚುನಾವಣೆಯಲ್ಲಿ ಅಂಬೇಡ್ಕರರನ್ನು ಸೋಲಿಸಲು ಕಾಂಗ್ರೆಸ್ ಹುಡುಕಿ ತಂದು ನಿಲ್ಲಿಸಿದ್ದು ಇದೇ ಬಾಲೂ ಅವರನ್ನು. ತಾರೆಯ ಹೊಳಪನ್ನು ನಮ್ಮ ರಾಜಕಾರಣದ ವಿರುದ್ಧ ಹಿಡಿಯುವ ವಿದ್ಯೆ ಟಿವಿ ಬಂದ ಮೇಲೆ ಹುಟ್ಟಿದ್ದಲ್ಲ. ಬಾಲೂ ಮೇಲೆ ನಾಳೆ ಯಾರಾದರೂ ಭಾರಿ ಪರದೆಯ ಚಿತ್ರ ತೆಗೆದರೆ ಅದರಲ್ಲಿ 114 ವಿಕೆಟ್ಟೂ ಇರಲಿ, ಮಣ್ಣಿನ ಕುಡಿಕೆಯೂ ಇರಲಿ, 1937 ಕೂಡ ಇರಲಿ. ಮೂರೂ ಇದ್ದರೆ ಮಾತ್ರ ಅದು ನಮ್ಮ ಚಿತ್ರ.

ಹಾಸ್ಟೆಲ್ಲುಗಳಲ್ಲಿ, ಸಂಘಟನೆಯ ಶಿಬಿರಗಳಲ್ಲಿ ಸಿನಿಮಾ ತೋರಿಸುವ ಗೆಳೆಯರಿಗೆ ನನ್ನದೊಂದು ಸಲಹೆ. ಜೋರ್ಡನ್ನನನ್ನು ಖಂಡಿತ ತೋರಿಸಿ. ಹುಡುಗರು ಸಿಳ್ಳೆ ಹೊಡೆಯಲಿ. ಮಾರನೇ ದಿನ ‘ಹೂಪ್ ಡ್ರೀಮ್ಸ್’ ತೋರಿಸಿ. ಆಮೇಲೆ ಮೂರೇ ಪ್ರಶ್ನೆ ಕೇಳಿ: ಈ ನೆಲ ಸಮ ಮಾಡಿದವರು ಯಾರು? ಬಾಗಿಲು ತೆಗೆಸಿದವರು ಯಾರು? ಈ ನೆಗೆತವನ್ನು ಈಗ ಯಾರ ವಿರುದ್ಧ ಬಳಸುತ್ತಿದ್ದಾರೆ?

1937ರ ಆ ಚುನಾವಣೆಯ ಲೆಕ್ಕ ಹೇಳಿ ಮುಗಿಸುತ್ತೇನೆ. ಬಾಲೂಗೆ ಬಿದ್ದ ಮತ 11,225. ಅದೇನು ಕಡಿಮೆಯಲ್ಲ, ಅಷ್ಟು ಅಭಿಮಾನ ಅವರ ಮೇಲಿತ್ತು. ಅಂಬೇಡ್ಕರ್ ಅವರಿಗೆ ಬಿದ್ದದ್ದು 13,245.